ಮೀನಿಗೆ ಹೊದಿಸಿದ ಟವಲು

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವನಿಗೆ ವರ್ಷಕ್ಕೆ ಎರಡೇ ಕಾಲ. ಒಂದು ಮಾವು ಇರುವ ಕಾಲ, ಇನ್ನೊಂದು ಇಲ್ಲದ ಕಾಲ. ಮಾವು ಇರುವಾಗ ಹೆಂಡತಿಯ ಮುಖ ನೋಡಲು ಪುರುಸೊತ್ತಿರುವುದಿಲ್ಲ. ಇಲ್ಲದಾಗ ನೋಡುವುದಕ್ಕೆ ಬೇರೆ ಏನೂ ಇರುವುದಿಲ್ಲ. ಅಮರನಾಥನ ಸಂಸಾರ ಮದುವೆಯಾದಾಗಿನಿಂದ ಈ ಏರ್ಪಾಟಿನ ಮೇಲೆಯೇ ನಡೆದುಕೊಂಡು ಬಂದಿತ್ತು. ಆ ವರ್ಷ ಮಾತ್ರ ಎಡವಟ್ಟಾಯಿತು. ಕೊನೆಯ ನೀಲಂ ಹಣ್ಣು ಲಾರಿ ಹತ್ತಿಸಿ, ಮಂಡಿಯ ಹುಲ್ಲು ಗುಡಿಸಿ, ಬಾಗಿಲಿಗೆ ಬೀಗ ಜಡಿದು, "ಅಬ್ಬ, ಇನ್ನು ಮನೆ" ಎಂದು ಅವನು ಕಾಲು ಚಾಚುವುದಕ್ಕೂ, ಹೆಂಡತಿ ಗಂಗರತ್ನ ಬಾಣಂತನಕ್ಕೆಂದು ತವರಿಗೆ ಹೊರಡುವುದಕ್ಕೂ ನಡುವೆ ಸಿಕ್ಕಿದ್ದು ಒಂದೇ ಒಂದು ವಾರ.

ಆ ವಾರವೇ ಅಕ್ವೇರಿಯಂ ಬಂದದ್ದು. ಕೋಲಾರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಸರದಿಗಾಗಿ ಕಾಯುವಾಗ ರತ್ನ ಅಂಥದ್ದೊಂದನ್ನು ನೋಡಿದ್ದಳು. ಅವತ್ತಿನಿಂದ ಅದೇ ಜಪ. ಬಸುರಿಯ ಬಯಕೆ ಹುಣಸೆಕಾಯಿಗೆ ನಿಲ್ಲದೆ ಗಾಜಿನ ತೊಟ್ಟಿಗೆ ಹೋದರೆ ಗಂಡನಾದವನು ಏನು ಮಾಡಬೇಕು? ಅಮರನಾಥ ಬೆಂಗಳೂರಿಗೆ ಹೋಗಿ ತೊಟ್ಟಿಯನ್ನು ಬಸ್ಸಿನ ಟಾಪಿಗೇರಿಸಿ, ಮೂರು ಮೀನುಗಳನ್ನು ನೀರು ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದ. (ಕಂಡಕ್ಟರು "ಅರ್ಧ ಟಿಕೆಟ್ ತಗೋಬೇಕಾಗುತ್ತೆ" ಎಂದು ತಮಾಷೆ ಮಾಡಿದ. ಮುಂದಿನ ಸೀಟಿನವರು ಅದನ್ನು ನಿಜವೆಂದು ನಂಬಿ ಅಮರನಾಥನ ಪರವಾಗಿ ಜಗಳಕ್ಕೇ ನಿಂತರು.) ಯು.ಕೆ.ಜಿ. ಓದುತ್ತಿದ್ದ ಮಗಳು ಚಂದನ ಅಪ್ಪನ ಕಸುಬಿಗೆ ತಕ್ಕಂತೆ ನಾಮಕರಣ ಮಾಡಿದಳು. ಹೊಂಬಣ್ಣದ್ದು ಬಾದಾಮಿ, ಬಾಲದಲ್ಲಿ ಕಪ್ಪು ಚುಕ್ಕೆ ಇರುವುದು ರಸಪುರಿ, ಕಣ್ಣು ಉಬ್ಬಿದ ಕರಿಯದು ನೀಲಂ.

ಆ ವಾರದ ಸಂಜೆಗಳಲ್ಲಿ ರತ್ನ ಹಜಾರದ ದೊಡ್ಡ ಲೈಟು ಆರಿಸಿ, ತೊಟ್ಟಿಯ ಪುಟ್ಟ ಬಲ್ಬು ಹಾಕಿ, ಚಾಪೆಯ ಮೇಲೆ ಅವನ ಭುಜಕ್ಕೆ ಒರಗಿ ಕೂರುತ್ತಿದ್ದಳು. ಮೀನು ಹೇಗೆ ಈಜುತ್ತಿದ್ದವೋ ಅಮರನಾಥನಿಗೆ ಗೊತ್ತಿಲ್ಲ. ಅವನು ನೋಡುತ್ತಿದ್ದದ್ದು ಗಾಜಿನಲ್ಲಿ ಕಾಣುತ್ತಿದ್ದ ಅವಳ ಮುಖವನ್ನು.

ಹೊರಡುವ ದಿನ ಹುತ್ತೂರಿನಿಂದ ಮಾವ ಮುನಿಯಲ್ಲಪ್ಪನವರು ಕಾರು ಮಾಡಿಕೊಂಡು ಬಂದರು. ಮೊಣಕೈವರೆಗೆ ಹಸಿರು ಬಳೆ ತೊಟ್ಟ ರತ್ನ ಹಿಂದಿನ ಸೀಟಿನಲ್ಲಿ ಕೂತಳು. ಅಮರನಾಥ ಕಿಟಕಿಗೆ ಬಗ್ಗಿ ನಿಂತ. ಇಂಥ ಹೊತ್ತಿನಲ್ಲಿ ಹೆಂಡತಿಯಾದವಳು ಗಂಡನಿಗೆಂದೇ ಒಂದು ಮಾತು ಇಟ್ಟುಕೊಂಡಿರುತ್ತಾಳೆ ಎಂದು ಅವನ ನಂಬಿಕೆ. ಇಟ್ಟುಕೊಂಡಿದ್ದಳು ಕೂಡ.

"ರೀ, ನಾನು ವಾಪಸ್ ಬರೋ ಹೊತ್ಗೆ ಮೂರೂ ಇರ್ಬೇಕು."

"ಯಾವ ಮೂರು?"

"ಮೀನು ಕಣ್ರೀ!"

ಕಾರು ಹೋಯಿತು. ಧೂಳು ಮಾತ್ರ ಸ್ವಲ್ಪ ಹೊತ್ತು ಅವನ ಜೊತೆಗಿತ್ತು.

ಅಂದಿನಿಂದ ಅಮರನಾಥ ಮತ್ಸ್ಯಕುಲರಕ್ಷಕನ ಪಟ್ಟಕ್ಕೇರಿದ. ಶತ್ರುಗಳು ಇಬ್ಬರು. ಒಬ್ಬಳು ಹೊಟ್ಟೆಯಲ್ಲಿ ಹುಟ್ಟಿದವಳು, ಇನ್ನೊಂದು ಮಂಡಿಯಲ್ಲಿ ಹುಟ್ಟಿದ್ದು. ಮಂಡಿಯ ಹುಲ್ಲಿನಲ್ಲಿ ಇಲಿ ಹಿಡಿಯಲೆಂದು ಸಾಕಿದ್ದ ಬೆಕ್ಕಿಗೆ ಬಾಲದ ತುದಿ ಕೊಕ್ಕಿನಂತೆ ಬಾಗಿದ್ದರಿಂದ ತೋತಾಪುರಿ ಎಂದು ಹೆಸರು. ಮಂಡಿ ಮುಚ್ಚಿದ ಮೇಲೆ ಅದೂ ಯಜಮಾನನ ಹಾಗೆಯೇ ಕೆಲಸವಿಲ್ಲದೆ ಮನೆ ಸೇರಿತ್ತು. ತೊಟ್ಟಿಯ ಮುಂದೆ ಮುಂಗಾಲು ಜೋಡಿಸಿ ಕೂತರೆ, ಸಿನಿಮಾದ ಮೊದಲ ಸಾಲಿನಲ್ಲಿ ಕೂತ ಪ್ರೇಕ್ಷಕನಂತೆ ರೆಪ್ಪೆ ಬಡಿಯುತ್ತಿರಲಿಲ್ಲ.

ಮೊದಲ ವಾರ ಚಂದನ ತೊಟ್ಟಿಯ ಅಂಚು ಹಿಡಿದು ಜೋತುಬಿದ್ದಳು. ಅಮರನಾಥ ತೊಟ್ಟಿಯ ಕೆಳಗಿದ್ದ ಸ್ಟೂಲು ತೆಗೆದು, ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಗೋಡೆಗೆ ಒತ್ತಿ ನಿಲ್ಲಿಸಿ, ಬುಡಕ್ಕೆ ಮಂಡಿಯ ತೂಕದ ಕಲ್ಲುಗಳನ್ನೆಲ್ಲ ಹೇರಿದ. ಎರಡನೇ ವಾರ ಮೀನುಗಳು ಬೇಗ ಎತ್ತರ ಬೆಳೆಯಲೆಂದು ಅವಳು ಹಾರ್ಲಿಕ್ಸ್ ಹಾಕಿದಳು. ನೀರೆಲ್ಲ ಬದಲಾಯಿಸಿ, ಮೀನಿನ ಆಹಾರದ ಡಬ್ಬಿಯನ್ನೂ ಹಾರ್ಲಿಕ್ಸ್ ಬಾಟಲಿಯನ್ನೂ ಬೀರುವಿನ ನೆತ್ತಿಗೆ ಏರಿಸಿದ್ದಾಯಿತು. ಆಮೇಲೆ ಗುಳ್ಳೆ ಬಿಡುವ ಮೋಟರಿನ ವೈರು ಅವಳ ಕಣ್ಣಿಗೆ ಬಿತ್ತು. ಅದನ್ನು ಎಳೆಯುವ ಮುಂಚೆಯೇ ಎಲೆಕ್ಟ್ರಿಷಿಯನ್ ಕರೆಸಿ, ಕೈಗೆ ಸಿಗದಂತೆ ಗೋಡೆಗೆ ಹೊಡೆಸಿ, ನೀರಿನ ಹನಿ ವೈರಿನ ಗುಂಟ ಪ್ಲಗ್ಗಿಗೆ ಇಳಿಯದಂತೆ ನಡುವೆ ಒಂದು ಇಳಿಬಾಗು ಬಿಡಿಸಿದ. ಬೆಕ್ಕು ಕೈ ಹಾಕದಂತೆ ತೊಟ್ಟಿಯ ಬಾಯಿಗೆ ತೂತು ಕೊರೆದ ಹಲಗೆ ಬಂತು.

ಹುತ್ತೂರಿನ ಮಾವನ ಮನೆಯಲ್ಲಿ ರೇಷ್ಮೆಹುಳದ ತಟ್ಟೆಗಳ ಸ್ಟ್ಯಾಂಡಿಗೆ ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದನ್ನು ಅವನು ನೋಡಿದ್ದ. ಅದೂ ಇರಲಿ ಎಂದು ಅಕ್ವೇರಿಯಂ ಸ್ಟ್ಯಾಂಡಿನ ನಾಲ್ಕು ಕಾಲಿಗೂ ಬಟ್ಟಲಿಟ್ಟ. ತೋತಾಪುರಿ ಬಟ್ಟಲುಗಳನ್ನು ಸುತ್ತಿ ನೋಡಿತು, ಒಂದರಲ್ಲಿ ನೀರು ಕುಡಿಯಿತು, ಮೀಸೆ ಒರೆಸಿಕೊಂಡು ಮತ್ತೆ ಮೇಲೆ ನೋಡುತ್ತ ಕೂತಿತು.

"ಏಮಿರಾ ಇದಿ, ಏನೋ ಇದು?" ಎಂದರು ಅವನ ತಾಯಿ ಮುನಿಗಂಗಮ್ಮ, ಅವರೆಕಾಯಿ ಬಿಡಿಸುತ್ತ. "ಎದುರಿಗೆ ಊಟ, ಪಕ್ಕದಲ್ಲಿ ನೀರು. ಇನ್ನೇನು ಕಮ್ಮಿ ಮಾಡ್ದೆ? ಒಂದು ಎಲೆ ಹಾಕ್ಬಿಡು, ಅದಕ್ಕೂ ಮರ್ಯಾದೆ."

"ಅಮ್ಮಾ, ನೀನು ಸುಮ್ನಿರು. ರತ್ನ ಬಂದು ಕೇಳೋದು ನನ್ನನ್ನ."

"ಅವಳು ಬಂದು ನಿನ್ನ ಕೇಳಲಿ ಅಂತಾನೇ ಅಲ್ವೇನೋ ಇಷ್ಟೆಲ್ಲ" ಎಂದು ಆಕೆ ಅವರೆಕಾಯಿಗೆ ಹೇಳಿದಂತೆ ಹೇಳಿದರು.

ಕೊನೆಗೆ ಅಮರನಾಥನಿಗೆ ಹೊಳೆದದ್ದು ಟವಲು. ಕಣ್ಣಿಗೆ ಕಾಣಿಸಿದರೆ ತಾನೇ ಬೆಕ್ಕಿಗೆ ಆಸೆ? ಮರೆಮಾಡಿದರೆ ನಾಲ್ಕು ದಿನದಲ್ಲಿ ತಾನಾಗಿ ಮರೆಯುತ್ತದೆ. (ವಾರಗಟ್ಟಲೆ ಹೆಂಡತಿಯನ್ನು ಕಾಣದೆ ಹಲುಬುತ್ತಿದ್ದವನು ಈ ಸಿದ್ಧಾಂತವನ್ನು ಯಾವ ಧೈರ್ಯದ ಮೇಲೆ ನಂಬಿದನೋ ಕೇಳಬೇಡಿ.) ಮಂಡಿಯಲ್ಲಿ ಹೆಗಲಿಗೆ ಹಾಕುತ್ತಿದ್ದ ದೊಡ್ಡ ಟರ್ಕಿ ಟವಲನ್ನು ತಂದು ತೊಟ್ಟಿಗೆ ಹೊದಿಸಿದ.

ಈ ಟವಲಿನ ವಿಷಯ ಸ್ವಲ್ಪ ಹೇಳಬೇಕು. ಮಂಡಿಯಲ್ಲಿ ನಾಲ್ಕು ಜನರ ಎದುರಿಗೆ ದರ ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಕೊಡುವವನೂ ಕೊಳ್ಳುವವನೂ ಎದುರುಬದುರು ನಿಂತು ಒಂದು ಟವಲಿನ ಕೆಳಗೆ ಕೈ ಸೇರಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಹಸ್ತ ಹಿಡಿದರೆ ಐದು. ಒಪ್ಪಿಗೆಯಿಲ್ಲದಿದ್ದರೆ ಬೆರಳು ಮಡಿಸುವುದು. ಒಳಗೆ ಮಹಾಯುದ್ಧ ನಡೆಯುತ್ತಿದ್ದರೂ ಹೊರಗೆ ಇಬ್ಬರೂ ಮಾಡಿನ ಹೆಂಚು ನೋಡುತ್ತಿರುತ್ತಾರೆ. ಮದುವೆಯಾದ ಹೊಸದರಲ್ಲಿ ಅಮರನಾಥ ಈ ವಿದ್ಯೆಯನ್ನು ರತ್ನಳಿಗೂ ಕಲಿಸಿದ್ದ. ಮುನಿಗಂಗಮ್ಮನ ಎದುರಿಗೇ, ಒಗೆದ ಬಟ್ಟೆ ಮಡಿಸುವ ನೆವದಲ್ಲಿ, ತವರಿಗೆ ಎಷ್ಟು ದಿನ, ಸಿನಿಮಾ ಎಷ್ಟು ಗಂಟೆಗೆ ಎಂಬುದೆಲ್ಲ ಸೀರೆಯ ಮಡಿಕೆಯ ಕೆಳಗೇ ತೀರ್ಮಾನವಾಗುತ್ತಿತ್ತು. ಅದರಲ್ಲಿ ಅವನು ಗೆದ್ದದ್ದು ನೆನಪಿಲ್ಲ. ಹೋದ ಸೀಸನ್ನಿನಲ್ಲಿ ಶಾಲೆ ಬಿಟ್ಟ ಮೇಲೆ ಮಂಡಿಗೆ ಬರುತ್ತಿದ್ದ ಚಂದನಳೂ ಇದನ್ನು ನೋಡಿ ನೋಡಿ ಕಲಿತಿದ್ದಳು.

ಒಂದು ಮಧ್ಯಾಹ್ನ ಅಮರನಾಥ ನಿದ್ದೆ ಮುಗಿಸಿ ಹಜಾರಕ್ಕೆ ಬಂದರೆ, ಚಂದನ ಕುರ್ಚಿಯ ಮೇಲೆ ನಿಂತಿದ್ದಾಳೆ. ಹಲಗೆ ಪಕ್ಕಕ್ಕೆ ಸರಿದಿದೆ. ಟವಲಿನ ಕೆಳಗೆ, ನೀರಿನೊಳಗೆ, ಬಲಗೈ ಭುಜದವರೆಗೂ ಇಳಿದಿದೆ. ಮುಖ ಮಾತ್ರ ಮಾಡಿನ ಕಡೆ, ಮೂವತ್ತು ವರ್ಷ ಮಂಡಿಯಲ್ಲಿ ಕೂತವರ ಗಾಂಭೀರ್ಯ.

"ಲೇ! ಏನೇ ಮಾಡ್ತಿದ್ದೀಯಾ?"

"ಶ್! ವ್ಯಾಪಾರ ಅಪ್ಪಾ."

"ಯಾರ ಜೊತೆ?"

"ಬಾದಾಮಿ ಜೊತೆ. ಅಮ್ಮ ಎಷ್ಟು ದಿನಕ್ಕೆ ಬರ್ತಾಳೆ ಅಂತ ಕೇಳ್ತಿದ್ದೀನಿ. ನಾನು ಒಂದು ಅಂತ ಕೊಟ್ರೆ ಬೆರಳು ಮುಟ್ಟಿ ಓಡಿಹೋಗುತ್ತೆ. ಒಪ್ತಾನೇ ಇಲ್ಲ."

ಅಮರನಾಥನಿಗೆ ಬೈಯಲು ಮನಸ್ಸಾಗಲಿಲ್ಲ. ಅವಳನ್ನು ಇಳಿಸಿಕೊಂಡು, ಕೈಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ಒರೆಸಿ, ಬೆಕ್ಕು ಎಲ್ಲಿದೆಯೆಂದು ನೋಡಿಕೊಂಡು, ಎರಡು ಕಾನೂನು ಮಾಡಿದ.

"ನೋಡು ಪುಟ್ಟಾ, ನೀರೊಳಗೆ ಸುಮ್‍ಸುಮ್ನೆ ಕೈ ಹಾಕ್ಬಾರ್ದು. ವ್ಯಾಪಾರ ಮುಗಿದ್ಮೇಲಂತೂ ಯಾರ ಕೈಯೂ ಟವಲಿನೊಳಗೆ ಇರ್ಕೂಡ್ದು. ಅದು ಮಂಡಿ ರೂಲ್ಸು. ತೆಗೆದ ತಕ್ಷಣ ಸೋಪು ಹಾಕಿ ತೊಳ್ಕೋಬೇಕು. ಅದು ಮೀನಿನ ರೂಲ್ಸು."

"ನೀನೂನಾ?"

"ನಾನೂನೇ."

ಆಮೇಲೆ ಹಲಗೆಗೆ ಚಿಲಕ ಬಡಿಸಿ ಮಂಡಿಯ ಬೀಗವನ್ನೇ ತಂದು ಹಾಕಿದ. ಮೀನುಗಳು ಈಗ ಸಂಪೂರ್ಣ ಸುರಕ್ಷಿತ. ಚಂದನಳಿಗೆ ಸಿಗುವುದಿಲ್ಲ, ಬೆಕ್ಕಿಗೆ ಕಾಣುವುದಿಲ್ಲ. ಸಂಜೆ ಚಾಪೆಯ ಮೇಲೆ ಕೂತರೆ ಅಮರನಾಥನ ಎದುರಿಗೆ ಇರುತ್ತಿದ್ದದ್ದು ಒಂದು ಟರ್ಕಿ ಟವಲು. ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ.

ದಸರಾಕ್ಕೆ ಗಂಡುಮಗು ಹುಟ್ಟಿತು. ಅಮರನಾಥ ಹೋಗಿ ಬರುತ್ತಿರಲಿಲ್ಲವೆಂದಲ್ಲ. ಹೋದರೆ ಹಜಾರದಲ್ಲಿ ಚಾಪೆ, ತಟ್ಟೆ ತುಂಬ ತಿಂಡಿ, ಎದುರಿಗೆ ಮಾವ, ಕೈಗೆ ಐದು ನಿಮಿಷ ಮಗು. ಬಾಣಂತಿಯ ಕೋಣೆಯಲ್ಲಿ ಸದಾ ಅರ್ಧ ಡಜನ್ ಹೆಂಗಸರು. ಬಾಗಿಲಲ್ಲಿ ನಿಂತು ದರ್ಶನ ಪಡೆದು ಬರುವುದಕ್ಕಿಂತ ಫೋನೇ ವಾಸಿ ಎಂದುಕೊಂಡ. ಆದರೆ ಮಾವನ ಮನೆಗೆ ಫೋನಿರಲಿಲ್ಲ, ಪಕ್ಕದ ಮನೆಯ ಅಂಜಮ್ಮನವರ ಪಿ.ಪಿ. ನಂಬರು. ಭಾನುವಾರ ಸಂಜೆ ಫೋನು ಮಾಡಿದರೆ ಅಂಜಮ್ಮ ಕಾಂಪೌಂಡಿನ ಮೇಲಿಂದ ಕೂಗಿ ರತ್ನಳನ್ನು ಕರೆಯುತ್ತಿದ್ದರು. ಕರೆದ ಮೇಲೆ ಅಲ್ಲಿಂದ ಕದಲುತ್ತಿರಲಿಲ್ಲ. ರತ್ನಳ ಹಿಂದೆ ಕಾವಲಿಗೆ ಅವಳ ತಾಯಿ ಕದಿರಮ್ಮ. ಸಾಲದ್ದಕ್ಕೆ ಬಾಣಂತಿಯ ಕಿವಿಯಲ್ಲಿ ಹತ್ತಿ. ಗುಟ್ಟಿನಲ್ಲಿ ಹೇಳಬೇಕಾದ ಮಾತನ್ನೂ ಹರಾಜು ಕೂಗಿದಂತೆ ಕೂಗಬೇಕು. ಹಾಗಾಗಿ ಇಬ್ಬರೂ ಮೀನಿನ ಮಾತನ್ನೇ ಆಡುತ್ತಿದ್ದರು.

"ಮೀನು ಹೇಗಿವೆ?"

"ಚೆನ್ನಾಗಿವೆ! ಒಂದಕ್ಕೆ ಮಾತ್ರ ಊಟ ಸೇರ್ತಿಲ್ಲ! ಸುಮ್ನೆ ಒಂದು ಮೂಲೆಗೆ ಹೋಗಿ ನಿಂತ್ಕೊಳ್ಳುತ್ತೆ!"

"ಯಾವುದು?"

"ದೊಡ್ಡದು!"

"ಮೂರೂ ಒಂದೇ ಸೈಜಲ್ವಾ?"

"ಒಂಚೂರು ಉಪ್ಪು ಹಾಕಕ್ಕೆ ಹೇಳಮ್ಮ" ಎಂದು ಹಿಂದಿನಿಂದ ಅಂಜಮ್ಮನ ದನಿ.

ಸಂಕ್ರಾಂತಿ ಕಳೆದ ಭಾನುವಾರ ಅಮರನಾಥನಿಗೆ ತನ್ನ ಸಾಧನೆಯನ್ನು ಹೇಳಿಕೊಳ್ಳುವ ಹುಮ್ಮಸ್ಸು ಬಂತು. ಮನೆ ಎಷ್ಟು ಭದ್ರವಾಗಿದೆ ಎಂದು ಗೊತ್ತಾದರೆ ಬೇಗ ಕಳಿಸಿಯಾರು ಎಂಬ ಆಸೆ. ಸ್ಟ್ಯಾಂಡು, ತೂಕದ ಕಲ್ಲು, ವೈರು, ಬಟ್ಟಲು, ಬೀಗ, ಟವಲು ಎಲ್ಲವನ್ನೂ ಕೂಗಿ ಕೂಗಿ ವರ್ಣಿಸಿದ. ಆ ಕಡೆಯಿಂದ ಫೋನು ಕದಿರಮ್ಮನ ಕೈಗೆ ಬಂತು.

"ಅಳಿಯಂದ್ರೇ, ಹೊಟ್ಟೆ ತಣ್ಣಗಾಯ್ತು ಕಣಪ್ಪ. ಇಷ್ಟು ಚೆನ್ನಾಗಿ ಮನೆ ನೋಡ್ಕೊಳ್ಳೋ ಗಂಡಸರು ಎಲ್ಲಿರ್ತಾರೆ? ನಿಮಗೆ ಕಷ್ಟ ಆಗುತ್ತೇಂತ ಶಿವರಾತ್ರಿಗೇ ಕಳಿಸೋಣ ಅಂತಿದ್ವಿ. ಇನ್ನೇನು ಯೋಚ್ನೆ ಇಲ್ಲ ಬಿಡಿ. ಯುಗಾದಿ ಮುಗಿಸ್ಕೊಂಡೇ ಬರ್ತಾಳೆ."

ಯುಗಾದಿ! ಯುಗಾದಿ ಕಳೆದರೆ ತೋಟ ಸುತ್ತುವುದು, ಮಂಡಿಗೆ ಸುಣ್ಣ, ಹುಲ್ಲು, ಲಾರಿ. ಅವಳು ಮನೆಗೆ ಬರುವ ಹೊತ್ತಿಗೆ ಅವನು ಮನೆ ಬಿಟ್ಟಿರುತ್ತಾನೆ. ಚಾಪೆಯ ಮೇಲೆ ಕೂರುವ ಸಂಜೆಗಳೆಲ್ಲ ಟವಲಿನ ಎದುರಿಗೇ ಮುಗಿದುಹೋಗುತ್ತವೆ.

ವಾರವಿಡೀ ಯೋಚಿಸಿದ ಮೇಲೆ ವ್ಯಾಪಾರಿಯ ಬುದ್ಧಿ ಕೆಲಸ ಮಾಡಿತು. ಮನೆ ಭದ್ರವಾಗಿದ್ದರೆ ಬರುವುದಿಲ್ಲ. ಹಾಗಾದರೆ ಭದ್ರವಾಗಿಲ್ಲದಿದ್ದರೆ ಓಡಿ ಬರಬೇಕಲ್ಲ? ಮುಂದಿನ ಭಾನುವಾರ ಫೋನಿನಲ್ಲಿ ಗಂಟಲು ತಗ್ಗಿಸಿದ. ಹತ್ತಿಯ ಕಾರಣಕ್ಕೆ ಮತ್ತೆ ಏರಿಸಿದ.

"ರತ್ನಾ, ಒಂದು ಕೆಟ್ಟ ಸುದ್ದಿ. ತೋತಾಪುರಿ ರಸಪುರೀನ ತಿಂದ್ಬಿಡ್ತು!"

"ಮಾವಿನಕಾಯಿ ಮಾವಿನಕಾಯಿನ ತಿಂತಂತೆ" ಎಂದು ಅಂಜಮ್ಮ ಯಾರಿಗೋ ಹೇಳುವುದು ಕೇಳಿಸಿತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮಾಲು ಹೋಗಲಿಲ್ಲವೆಂದರೆ ಮೇಲೊಂದಿಷ್ಟು ಕೊಸರು ಹಾಕುವುದು ಅವನ ಅಭ್ಯಾಸ. ಚಂದನ ವೈರು ಎಳೆದಳೆಂದೂ, ಕಿಡಿ ಹಾರಿತೆಂದೂ, ಸ್ವಲ್ಪದರಲ್ಲಿ ತಪ್ಪಿತೆಂದೂ ಸೇರಿಸಿದ. ಆಮೇಲೆ "ಇವತ್ತೇ ಹೊರಟು ಬರ್ತೀನಿ" ಎಂಬ ಮಾತಿಗೆ ಕಿವಿ ನೆಟ್ಟ.

ರತ್ನಳ ದನಿ ತಣ್ಣಗಿತ್ತು. "ಗಾಜಿನೊಳಗೆ, ಬೀಗ ಹಾಕ್ಕೊಂಡು, ಟವಲು ಹೊದ್ಕೊಂಡಿರೋ ಮೀನನ್ನ ಕಾಪಾಡಕ್ಕಾಗ್ಲಿಲ್ಲ ನಿಮ್ಗೆ. ಆ ಮನೆಗೆ ನಾನು ಈ ಕೂಸನ್ನ ಕರ್ಕೊಂಡು ಬರ್ಲಾ? ಇವನು ಎದ್ದು ಓಡಾಡೋವರ್ಗೂ ನಾನು ಬರಲ್ಲ. ಅಪ್ಪನ್ನ ಕಳಿಸ್ತೀನಿ. ಚಂದನನ್ನೂ ಕಳಿಸ್ಬಿಡಿ."

ಮುಂದಿನ ಶನಿವಾರ ಮುನಿಯಲ್ಲಪ್ಪನವರು ಕೋಲಾರದಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದಿಳಿದರು. ಒಳಗೆ ಬಂದವರೇ ಗೋಡೆಯ ಪಕ್ಕ ಬಟ್ಟೆ ಹೊದ್ದು, ಬೀಗ ಹಾಕಿಸಿಕೊಂಡು, ಕಾಲು ನೀರಲ್ಲಿಟ್ಟು ನಿಂತಿದ್ದ ಆಕೃತಿಯನ್ನು ನೋಡಿ ಚಪ್ಪಲಿ ಬಿಟ್ಟೆನೋ ಇಲ್ಲವೋ ಎಂದು ಕಾಲು ನೋಡಿಕೊಂಡರು.

"ಇದೇನು ಅಳಿಯಂದ್ರೇ, ಯಾವ ಸ್ವಾಮಿಗಳ ಗದ್ದುಗೆ?"

"ಮೀನು ತಾತಾ!" ಎಂದು ಚಂದನ ಟವಲು ಎಳೆದೇಬಿಟ್ಟಳು. "ಇದು ಬಾದಾಮಿ, ಇದು ನೀಲಂ, ಇದು ರಸಪುರಿ."

ಮುನಿಯಲ್ಲಪ್ಪನವರು ಬಗ್ಗಿ ಎಣಿಸಿದರು. ಎದ್ದು ನಿಂತು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದರು. "ರಸಪುರಿ ತೀರ್ಕೊಂಡ್ತು ಅಂದಿದ್ರಲ್ಲ?"

"ಅದು... ಅದರ ಬದಲು ಬೇರೆ ತಂದು ಬಿಟ್ಟಿದ್ದೀನಿ" ಎಂದ ಅಮರನಾಥ, ಮಾಡಿನ ಕಡೆ ನೋಡುತ್ತ.

"ಇಲ್ಲ ತಾತಾ, ಅದೇ ರಸಪುರಿ. ಬಾಲದಲ್ಲಿ ಚುಕ್ಕೆ ನೋಡು. ಅಮ್ಮ ಬೇಗ ಬರ್ಲೀಂತ ಅಪ್ಪ ಸುಮ್ನೆ ಸಾಯಿಸಿದ್ದು."

ಮುನಿಗಂಗಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ನಡೆದರು. ಮುನಿಯಲ್ಲಪ್ಪನವರ ಭುಜ ನಗೆಗೆ ಕುಲುಕಾಡಿತು. ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು, "ನೀವೂ ಹೊರಡಿ ಅಳಿಯಂದ್ರೇ" ಎಂದರು. "ಇದನ್ನ ನಾನೊಬ್ಬನೇ ಹೋಗಿ ಹೇಳಿದ್ರೆ ಅಲ್ಲಿ ಯಾರೂ ನಂಬಲ್ಲ."

"ಮೀನು ನಾನು ನೋಡ್ಕೋತೀನಿ, ನೀನು ಪೋರಾ, ಹೋಗ್ಬಾ" ಎಂದು ಅಡುಗೆಮನೆಯಿಂದ ಕೂಗು ಬಂತು.

ಹುತ್ತೂರಿನಲ್ಲಿ ಆ ಸಂಜೆ ಕೇಳಬೇಕೆ? ಹಜಾರದಲ್ಲಿ ಸಾಂಬ್ರಾಣಿಯ ಹೊಗೆ, ಬೆಳ್ಳುಳ್ಳಿಯ ವಾಸನೆ, ಮಾವನ ಕಥಾಕಾಲಕ್ಷೇಪ. ಅಂಜಮ್ಮ ಎರಡು ಸಲ ಮೊದಲಿನಿಂದ ಹೇಳಿಸಿದರು. ಕದಿರಮ್ಮ ನಗು ತಡೆಯಲಾರದೆ ಒಳಗೆ ಹೋಗಿ, ನಕ್ಕು, ಗಂಭೀರವಾಗಿ ಹೊರಗೆ ಬಂದರು. ಅಮರನಾಥ ಗೋಡೆಗೆ ಒರಗಿ, ಮಡಿಲಲ್ಲಿ ಮಗು ಇಟ್ಟುಕೊಂಡು, ತನಗೂ ಈ ಕಥೆಗೂ ಸಂಬಂಧವಿಲ್ಲದವನಂತೆ ಕೂತಿದ್ದ. ತಲೆಗೆ ಬಟ್ಟೆ ಕಟ್ಟಿದ ರತ್ನ ಪಕ್ಕದಲ್ಲಿ ಕೂತಿದ್ದಳು. ಇಷ್ಟು ಹತ್ತಿರ ಬಂದು ಕೂತದ್ದು ಆ ಹಸಿರು ಬಳೆಯ ವಾರದ ಮೇಲೆ ಇದೇ ಮೊದಲು. ಅವಳು ನಗಲಿಲ್ಲ. ಮುಖ ಬಿಗಿದೇ ಇತ್ತು.

"ಕೂಸಿಗೆ ಗಾಳಿ" ಎಂದು ಅವಳು ಅಪ್ಪನ ಹೆಗಲಿನಿಂದ ಜಾರಿ ಬಿದ್ದಿದ್ದ ವಸ್ತ್ರವನ್ನು ಎತ್ತಿ ಮಗುವಿನ ಮೇಲೆ ಹೊದಿಸಿದಳು. ಹೊದಿಸಿದ ಕೈ ಹೊರಗೆ ಬರಲಿಲ್ಲ.

ಅಮರನಾಥನಿಗೆ ಮೈಯೆಲ್ಲ ಕಿವಿಯಾಯಿತು. ಇಬ್ಬರೂ ಮಾಡಿನ ಹೆಂಚು ನೋಡಿದರು. ಅವನು ಮೆಲ್ಲಗೆ ಅವಳ ಒಂದು ಬೆರಳು ಹಿಡಿದ. ಒಂದು ತಿಂಗಳು, ಶಿವರಾತ್ರಿ. ಅವಳು ಬೆರಳು ಮಡಿಸಿಬಿಟ್ಟಳು. ಅವನ ಇಡೀ ಹಸ್ತ ಹಿಡಿದಳು. ಐದು! ಅಂದರೆ ಮಗು ಎದ್ದು ನಿಲ್ಲುವ ಹೊತ್ತು, ಮಾವಿನ ಕಾಲವೂ ಅರ್ಧ ಮುಗಿದಿರುತ್ತದೆ. ಅವನು ಕೈ ಮಡಿಸಿದ. ಮತ್ತೆ ಒಂದು. ಅವಳು ನಾಲ್ಕಕ್ಕೆ ಇಳಿದಳು. ಇವನು ಒಂದು ಬಿಟ್ಟು ಕದಲಲಿಲ್ಲ. ಮೂರು. ಅಷ್ಟರಲ್ಲಿ ಅಂಜಮ್ಮ "ಹೌದಾ, ಬೆಕ್ಕಿಗೆ ನೀರನ್ನೂ ಇಟ್ಟಿದ್ರಾ?" ಎಂದು ಕೇಳಿದರು. ಅಮರನಾಥ ಹೆಂಚು ನೋಡುತ್ತಲೇ "ಹೂಂ" ಎಂದ. ಕೊನೆಗೆ ಅವಳ ಎರಡು ಬೆರಳು ಅವನ ಅಂಗೈಯಲ್ಲಿ ಬಂದು ನಿಂತವು. ಅವನೂ ಹಿಡಿದ. ಮುಗಿಯಿತು.

ಎರಡು ತಿಂಗಳೆಂದರೆ ಸರಿಯಾಗಿ ಯುಗಾದಿ. ಒಂದು ಮೀನನ್ನು ಸುಳ್ಳೇ ಕೊಂದು, ಊರೆಲ್ಲ ನಗಿಸಿ, ಬಸ್ಸು ಹತ್ತಿ ಬಂದು, ಇಷ್ಟೆಲ್ಲ ಚೌಕಾಸಿ ಮಾಡಿ ಅವನು ಕುದುರಿಸಿದ್ದು, ಅತ್ತೆ ಸಂಕ್ರಾಂತಿ ಕಳೆದ ಭಾನುವಾರವೇ ತಾವಾಗಿ ಹೇಳಿದ್ದ ಮಾತನ್ನೇ. ಮಂಡಿಯಲ್ಲಿ ಇಂಥ ವ್ಯಾಪಾರ ಮಾಡಿದವನನ್ನು ಮರುದಿನ ಒಳಗೆ ಬಿಡುವುದಿಲ್ಲ.

ಆದರೆ ವ್ಯಾಪಾರ ಮುಗಿದ ಮೇಲೂ ಅವಳ ಬೆರಳುಗಳು ಅಲ್ಲೇ ಇದ್ದವು. ಅವನ ಬಲಗೈಯೂ ಬಿಡಲಿಲ್ಲ. ರತ್ನಳ ಬಿಗಿದ ಮುಖದಲ್ಲಿ, ತುಟಿಯ ಒಂದು ತುದಿಯಲ್ಲಿ, ಏನೋ ಸಡಿಲವಾಯಿತು. ಅದನ್ನು ಗಾಜಿಲ್ಲದೆ, ನೇರವಾಗಿ ನೋಡಬೇಕೆಂದು ಅಮರನಾಥ ಹೆಂಚಿನಿಂದ ಕಣ್ಣು ಇಳಿಸಿದ.

"ಅಪ್ಪಾ!"

ಚಂದನ ಎದುರಿಗೆ ನಿಂತಿದ್ದಳು. ಹಜಾರವೆಲ್ಲ ತಿರುಗಿತು.

"ವ್ಯಾಪಾರ ಮುಗೀತಲ್ಲ, ನಾನು ನೋಡ್ದೆ. ಮತ್ತೆ ಇಬ್ರೂ ಯಾಕೆ ಕೈ ಒಳಗೇ ಇಟ್ಕೊಂಡಿದ್ದೀರಾ? ನೀನೇ ಅಲ್ವಾ ರೂಲ್ಸ್ ಹೇಳಿದ್ದು?"

ವಸ್ತ್ರದ ಕೆಳಗಿನಿಂದ ಎರಡು ಕೈಗಳು ಎರಡು ಕಡೆಗೆ ಹಾರಿದವು. ಮಗು ಬೆಚ್ಚಿ ಅತ್ತಿತು. ಅಂಜಮ್ಮ ನಕ್ಕ ನಗುವಿಗೆ ರೇಷ್ಮೆಹುಳಗಳೂ ಮೇಯುವುದನ್ನು ನಿಲ್ಲಿಸಿರಬೇಕು. ರತ್ನ 'ಥೂ' ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಸೋಪು ಹಾಕಿ ತೊಳ್ಕೋ ಹೋಗು" ಎಂದಳು ಚಂದನ, ಹಿತ್ತಿಲಿನ ಕಡೆ ಬೆರಳು ತೋರಿಸಿ.

ಅಮರನಾಥ ಎದ್ದು ಹೋದ. ಹಿತ್ತಿಲಿನ ತೊಟ್ಟಿಯ ಹತ್ತಿರ ನಿಂತು, ಒಳಗಿದ್ದವರಿಗೆ ಚೆನ್ನಾಗಿ ಕೇಳಿಸಲೆಂದು ಎಡಗೈಯಲ್ಲಿ ಚೊಂಬಿನಿಂದ ನೀರು ಮೊಗೆದು ಮೊಗೆದು ಕಲ್ಲಿನ ಮೇಲೆ ಸುರಿದ. ಬಲಗೈಯನ್ನು ಮಾತ್ರ ಒಂದು ಹನಿಯೂ ಸಿಡಿಯದಂತೆ ಬೆನ್ನ ಹಿಂದೆ ಇಟ್ಟುಕೊಂಡಿದ್ದ.